ವ್ರತದ ಆಮೆ

ಲಾಸ್ ಪೋಸಿತೋಸ್ ಊರಿನಲ್ಲಿ ಓತೀಲಿಯಾಳನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಇಬ್ಬರೇ. ಒಬ್ಬರು ಪಾದ್ರಿ, ಇನ್ನೊಬ್ಬರು ಆಮೆ ಯೋಜನೆಯ ಡಾಕ್ಟ್ರಮ್ಮ. ಮಿಕ್ಕವರಿಗೆಲ್ಲ ಅವಳು ತೀಲಾ. ಚಳಿ ಮುಗಿದು, ಬಿಸಿಲು ಚುರುಕಾಗಿ, ಆಮೆಗಳು ಬಿಲದಿಂದ ಮೂಗು ಹೊರಗಿಟ್ಟವೆಂದರೆ ಆ ಹೆಸರೂ ಹೋಗಿ ‘ಆಂಟೆನಾ’ ಎಂದಾಗುತ್ತದೆ. ಹೆಗಲ ಮೇಲೆ ಮೀನಿನ ಮುಳ್ಳಿನಂಥ ಲೋಹದ ಕಡ್ಡಿ, ಸೊಂಟದಲ್ಲಿ ಟಿಕ್ ಟಿಕ್ ಎನ್ನುವ ಡಬ್ಬಿ, ತಲೆಯ ಮೇಲೆ ಗಂಡನ ಹಳೇ ಹ್ಯಾಟು. ಈ ವೇಷದಲ್ಲಿ ಅವಳು ಬೆಳಿಗ್ಗೆ ಹೊರಟರೆ ಅಂಗಡಿ ಜಗುಲಿಯ ಮೇಲೆ ಕೂತ ಗಂಡಸರ ಬಾಯಿ ಸುಮ್ಮನಿರುವುದುಂಟೇ?

"ಏನ್ ತೀಲಾ, ಇವತ್ತು ಯಾವ ಸ್ಟೇಷನ್ ಹಿಡೀತಿದೀಯ? ನಮಗೂ ಒಂದು ಹಾಡು ಕೇಳಿಸು."

"ನಿನ್ನ ಹೆಂಡ್ತಿ ಸ್ಟೇಷನ್ ಹಿಡಿದಿದೀನಿ. ಕೇಳಿಸ್ಲಾ? ಹಾಡಿಲ್ಲ, ಬರೀ ಬೈಗುಳ."

ಅವಳ ಬಾಯಿಗೆ ಸಿಕ್ಕವರು ಉದ್ಧಾರವಾದದ್ದಿಲ್ಲ. ಆದರೂ ಮಾರನೇ ದಿನ ಮತ್ತೆ ಕೆಣಕುತ್ತಾರೆ. ಮರುಭೂಮಿಯ ನಡುವಿನ ಊರು, ಹೊತ್ತು ಹೋಗಬೇಕಲ್ಲ.

ಚಿಕ್ಕಂದಿನಲ್ಲಿ ಆಡು ಕಾದಿದ್ದಳು, ಮದುವೆಯಾದ ಮೇಲೆ ಮೇಣದ ಗಿಡ ಕಿತ್ತು ಕುದಿಸಿ ಮೇಣ ತೆಗೆಯುತ್ತಿದ್ದಳು. ಗಂಡ ಎವಾರಿಸ್ತೋ ಉಪ್ಪಿನ ಲಾರಿ ಓಡಿಸುತ್ತಾನೆ. ತಿಂಗಳಲ್ಲಿ ಹೆಚ್ಚು ದಿನ ರಸ್ತೆಯಲ್ಲೇ ಇರುತ್ತಾನೆ, ಬಂದ ದಿನ ಮಲಗಿರುತ್ತಾನೆ. ಡಾಕ್ಟ್ರಮ್ಮ ಬಂದು, ಈ ಬೊಲ್ಸೋನ್ ಮರುಭೂಮಿಯ ದೊಡ್ಡ ಆಮೆಗಳು ಇನ್ನೇನು ಲೋಕ ಬಿಟ್ಟೇ ಹೋಗುವ ಹಾಗಿವೆ, ಮರಿಗಳನ್ನು ಬೇಲಿಯೊಳಗೆ ಸಾಕಿ, ಚಿಪ್ಪು ಗಟ್ಟಿಯಾದ ಮೇಲೆ ಬಯಲಿಗೆ ಬಿಡುತ್ತೇವೆ, ನೋಡಿಕೊಳ್ಳಲು ಊರಿನವರು ಒಬ್ಬರು ಬೇಕು ಎಂದಾಗ ಗಂಡಸರೆಲ್ಲ ನಕ್ಕರು. ತೀಲಾ ಕೈ ಎತ್ತಿದಳು. ಮೇಣದ ಹೊಗೆಯಲ್ಲಿ ಕಣ್ಣು ಸುಟ್ಟುಕೊಳ್ಳುವುದಕ್ಕಿಂತ ಆಮೆಯ ಹಿಂದೆ ನಡೆಯುವುದು ಮೇಲು ಎಂಬುದು ಅವಳ ಲೆಕ್ಕ. ಆಮೆಯೇನು ಆಡಿನ ಹಾಗೆ ಓಡಿಹೋಗುತ್ತದೆಯೇ?

ಅಂದಹಾಗೆ ಡಾಕ್ಟ್ರಮ್ಮ ಆಮೆಗಳ ಡಾಕ್ಟರು. ಹಾಗಂತ ಹೇಳಿದರೆ ಊರವರು ಕೇಳಬೇಕಲ್ಲ! ಮೊದಲ ವರ್ಷ ಅವರ ಗುಡಾರದ ಮುಂದೆ ಮಂಡಿನೋವು, ಹಲ್ಲುನೋವಿನವರ ಸಾಲು. ಪಾಪ, ಅವರೂ ಒಳ್ಳೆಯವರು. ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ, ತಲೆನೋವಿನ ಮಾತ್ರೆ ಕೊಡುತ್ತಿದ್ದರು.

ಬಯಲಿಗೆ ಬಿಟ್ಟ ಪ್ರತಿ ಆಮೆಯ ಬೆನ್ನಿಗೂ ಹೆಬ್ಬೆರಳಿನಷ್ಟು ದಪ್ಪದ ಒಂದು ಯಂತ್ರ ಅಂಟಿಸಿರುತ್ತಾರೆ. ಅದು ಟಿಕ್ ಎಂದರೆ ತೀಲಾಳ ಡಬ್ಬಿಯೂ ಟಿಕ್ ಎನ್ನುತ್ತದೆ. ಡಾಕ್ಟ್ರಮ್ಮ ಆಮೆಗಳಿಗೆ ನಂಬರ್ ಕೊಟ್ಟಿದ್ದರು. ತೀಲಾಳಿಗೆ ನಂಬರು ರುಚಿಸಲಿಲ್ಲ, ಊರ ಹೆಂಗಸರ ಹೆಸರಿಟ್ಟಳು. ಕುತ್ತಿಗೆ ಉದ್ದ ಚಾಚಿ, ಬೇರೆಯವರ ಬಿಲಕ್ಕೆಲ್ಲ ಇಣುಕಿ ಬರುವ ದೊಡ್ಡ ಹೆಣ್ಣಾಮೆಗೆ ಬೆನೀತಾ ಎಂದು ಹೆಸರು ಬಿತ್ತು.

ನಿಜವಾದ ಬೆನೀತಾ ಪಕ್ಕದ ಮನೆಯವಳು. ಅವಳ ಮಗನ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡ ಜ್ಞಾನತಾಯಿ ತೀಲಾ, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ‘ಕೊಮಾದ್ರೆ’. ಒಡಹುಟ್ಟಿದವರಿಗಿಂತ ಹೆಚ್ಚು. ಸುದ್ದಿ ಕಿವಿಗೆ ಬಿದ್ದ ದಿನ ಅವಳು ಸೌಟು ಹಿಡಿದುಕೊಂಡೇ ಬಂದಳು.

"ಕೊಮಾದ್ರೆ, ನಾನೇನು ಆಮೆ ಥರ ಇದೀನಾ?"

"ಛೆ, ಆಮೆ ನಿನ್ನ ಥರ ಇದೆ."

ಒಂದು ವಾರ ಮಾತು ಬಿಟ್ಟಳು. ಎಂಟನೇ ದಿನ ಬೇಲಿಯ ಮೇಲಿಂದ ಕುತ್ತಿಗೆ ಚಾಚಿ ಕೇಳಿದಳು: "ಇವತ್ತು ನಾನೇನು ತಿಂದೆ?"

"ಪಾಪಾಸುಕಳ್ಳಿ ಹೂವು."

"ಪರವಾಗಿಲ್ಲ, ನಾಲಿಗೆ ಚೆನ್ನಾಗಿದೆ ನನಗೆ." ಅಂದಿನಿಂದ ದಿನಾ ವಿಚಾರಿಸುತ್ತಿದ್ದಳು.

ಇಷ್ಟೆಲ್ಲ ನಗುವಿನ ನಡುವೆ ತೀಲಾಳ ಮನೆಯೊಳಗೆ ಒಂದು ಸಂಕಟವಿತ್ತು. ಅವಳ ಅಪ್ಪ ದೋನ್ ಕಾಸ್ತುಲೋ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಹೆಂಡತಿ ಇಲಾರಿಯಾ ಸತ್ತು ಮೂರು ವರ್ಷ. ಅಂದಿನಿಂದ ಮುದುಕ ಮಗಳ ಮನೆಯಲ್ಲಿದ್ದ. ಮೆಕ್ಕೆಜೋಳದ ರೊಟ್ಟಿ ಒಂದಿಷ್ಟು ಮುರಿದು ಬಾಯಿಗೆ ಹಾಕಿಕೊಂಡು, "ಸಾಕು" ಎಂದು ತಟ್ಟೆ ತಳ್ಳುತ್ತಿದ್ದ. ಪ್ಯಾಂಟು ನಿಲ್ಲಲು ಹಗ್ಗ ಕಟ್ಟುವ ಹಾಗಾಗಿತ್ತು. ಏನು ಮಾಡಿ ಹಾಕಲಿ ಎಂದರೆ ಒಂದೇ ಉತ್ತರ.

"ಶುಭ ಶುಕ್ರವಾರ ನಿಮ್ಮಮ್ಮ ಮಾಡ್ತಿದ್ಲಲ್ಲ, ಆಮೆ ಸಾರು. ಸಾಯೋದ್ರೊಳಗೆ ಒಂದ್ಸಲ ತಿನ್ಬೇಕು. ಆಮೇಲೆ ಬೇಕಾದ್ರೆ ಪೆಟ್ಟಿಗೆ ತರಿಸು."

ನಲವತ್ತು ದಿನದ ವ್ರತವಾದ ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ತಿನ್ನುವ ಹಾಗಿಲ್ಲ, ಮೀನು ತಿನ್ನಬಹುದು. ಈ ಬಯಲಿನಲ್ಲಿ ಮೀನೆಲ್ಲಿಂದ ಬರಬೇಕು? ಹಿರಿಯರು ಕೂತು ಯೋಚನೆ ಮಾಡಿದ್ದರು. ಆಮೆಯ ರಕ್ತ ತಣ್ಣಗಿದೆ, ಆದ್ದರಿಂದ ಅದು ಮೀನು. ಅಷ್ಟೇ, ತೀರ್ಮಾನವಾಯಿತು. ತಲೆತಲಾಂತರದಿಂದ ಶುಭ ಶುಕ್ರವಾರದ ಮೀನು ಆಮೆಯೇ. ದೋನ್ ಕಾಸ್ತುಲೋ ಆ ಕಾಲದಲ್ಲಿ ಹೆಸರುವಾಸಿ ಆಮೆ ಹಿಡಿಯುವವ. ಬಿಲದ ಬಾಯಿ ನೋಡಿಯೇ ಒಳಗಿರುವುದು ಗಂಡೋ ಹೆಣ್ಣೋ ಹೇಳುತ್ತಿದ್ದನಂತೆ. ಹೀಗೆ ಎಲ್ಲರೂ ಸೇರಿ ಭಕ್ತಿಯಿಂದ ತಿಂದು ತಿಂದೇ ಆಮೆಗಳು ಮುಗಿಯುತ್ತ ಬಂದವು. ಅದೇ ಮನೆಯ ಮಗಳು ಈಗ ಅವನ್ನು ಕಾಯುತ್ತಿದ್ದಾಳೆ. ದೇವರಿಗೂ ತಮಾಷೆ ಬೇಕಲ್ಲ.

"ಅಪ್ಪಾ, ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ. ಒಣ ಸೀಗಡಿ ವಡೆ ಮಾಡ್ಲಾ?"

"ಸೀಗಡಿ! ಅದೇನು ಮೀನೇ? ಹುಳ."

ಆ ವರ್ಷ ಶುಭ ಶುಕ್ರವಾರದ ಪವಿತ್ರ ವಾರ ಹತ್ತಿರ ಬಂದಾಗ ಡಾಕ್ಟ್ರಮ್ಮ ಪಟ್ಟಣದಿಂದ ಫೋನ್ ಮಾಡಿದರು. ರಜೆಯೆಂದು ತೊರ್ರೆಯೋನ್ ಪಟ್ಟಣದ ಕಡೆಯ ಜನ ಗಾಡಿ ಕಟ್ಟಿಕೊಂಡು ಬಯಲಿಗೆ ಬರುತ್ತಾರೆ, ಆಮೆ ಕಂಡರೆ ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ ಅವರಿಗೆ. "ಓತೀಲಿಯಾ, ದಾರಿ ಪಕ್ಕ ದೊಡ್ಡದಾಗಿ ಒಂದು ಬೋರ್ಡ್ ಬರೆದು ಹಾಕಿ. ಆಮೆಗಳು ಕಾವಲಿನಲ್ಲಿವೆ ಅಂತ."

ಕಾವಲಿಗೆ ನಮ್ಮ ಕಡೆ ‘ವಿಹಿಲಾನ್ಸಿಯಾ’ ಎನ್ನುತ್ತಾರೆ. ಉದ್ದದ ಮಾತು. ತೀಲಾಳಿಗೆ ತನ್ನ ಅಕ್ಷರದ ಮೇಲೆ ಬಲು ಹೆಮ್ಮೆ. ಶಾಲೆಯಲ್ಲಿ ಬಹುಮಾನ ಬಂದಿತ್ತು. ಮುರಿದ ಗಾಡಿಯ ಹಲಗೆ ಒಂದು ಸಿಕ್ಕಿತು, ಬಾಗಿಲಿಗೆ ಬಳಿದು ಉಳಿದ ನೀಲಿ ಬಣ್ಣವಿತ್ತು. ‘ಆಮೆಗಳು’ ಎಂಬುದನ್ನು ಕುಂಬಳಕಾಯಿ ಗಾತ್ರದಲ್ಲಿ ಬರೆದಳು. ಪಕ್ಕದಲ್ಲಿ ನಿಂತಿದ್ದ ಬೆನೀತಾ ಮೆಲ್ಲಗೆ ಹೇಳಿದಳು: "ಕೊಮಾದ್ರೆ, ಹಲಗೆ ಮುಗೀತಾ ಬಂತು."

"ನನಗೂ ಕಣ್ಣಿದೆ. ಸುಮ್ನಿರು."

ಕಣ್ಣಿತ್ತು, ಆದರೆ ಹಲಗೆ ಇರಲಿಲ್ಲ. ‘ವಿಹಿ’ ಎನ್ನುವಷ್ಟರಲ್ಲಿ ಒಂದು ಗೇಣು ಮಾತ್ರ ಉಳಿದಿತ್ತು. ತೀಲಾ ಕುಂಚ ಹಿಡಿದು ಒಂದು ಗಳಿಗೆ ಯೋಚಿಸಿ, ನಡುವಿನ ಅಕ್ಷರಗಳನ್ನು ನುಂಗಿ ‘ವಿಹೀಲಿಯಾ’ ಎಂದು ಮುಗಿಸಿಬಿಟ್ಟಳು.

"ಎರಡೂ ಒಂದೇ ತಾನೇ?" ಎಂದಳು. "ವಿಹೀಲಿಯಾ ಅಂದ್ರೆ ಜಾಗರಣೆ. ಕಾಯೋದೂ ಜಾಗರಣೇನೇ."

"ಹೌದಲ್ಲ!" ಎಂದಳು ಬೆನೀತಾ.

ನಿಘಂಟಿನ ಪ್ರಕಾರ ಅದು ಜಾಗರಣೆಯೇ, ಇಲ್ಲವೆಂದವರು ಯಾರು? ಆದರೆ ತಪಸ್ಸುಕಾಲದಲ್ಲಿ ಆ ಮಾತನ್ನು ನಮ್ಮ ಕಡೆಯವರ ಮುಂದೆ ಆಡಿ ನೋಡಿ, ಬಾಯಲ್ಲಿ ನೀರೂರುತ್ತದೆ. ಮಾಂಸವಿಲ್ಲದ ವ್ರತದೂಟಕ್ಕೂ ವಿಹೀಲಿಯಾ ಎಂದೇ ಹೆಸರು. ಆ ದಿನಗಳಲ್ಲಿ ಊಟದಂಗಡಿಗಳ ಮುಂದೆಲ್ಲ ‘ವಿಹೀಲಿಯಾ ಮೀನು’, ‘ವಿಹೀಲಿಯಾ ವಡೆ’ ಎಂದು ಬೋರ್ಡು. ಹೀಗೆ ಮರುಭೂಮಿಯ ದಾರಿಯ ಪಕ್ಕದಲ್ಲಿ, ಅಂದವಾದ ನೀಲಿ ಅಕ್ಷರಗಳಲ್ಲಿ, ‘ವ್ರತದೂಟದ ಆಮೆಗಳು’ ಎಂಬ ಬೋರ್ಡು ಎದ್ದು ನಿಂತಿತು. ನಿಲ್ಲಿಸಿದವಳು ಆಮೆಗಳ ಕಾವಲುಗಾರ್ತಿ.

ಶುಭ ಶುಕ್ರವಾರ ಬೆಳಿಗ್ಗೆ ತೀಲಾ ಆಮೆಗಳನ್ನು ವಿಚಾರಿಸಿಕೊಳ್ಳಲು ಹೊರಟಳು. ಒಂದೊಂದಾಗಿ ಎಲ್ಲವೂ ಟಿಕ್ ಎಂದವು. ಬೆನೀತಾಳ ಬಿಲದ ಹತ್ತಿರ ಬಂದರೆ ಡಬ್ಬಿ ಸುಮ್ಮನೆ. ಬಿಲದ ಮುಂದೆ ಮಣ್ಣು ಕೆದರಿತ್ತು. ಕೊಕ್ಕೆ ಹಾಕಿ ಎಳೆದ ಗುರುತು. ಪಕ್ಕದಲ್ಲಿ ಕತ್ತೆಯ ಗೊರಸು.

ತೀಲಾ ದಿಣ್ಣೆಯ ಮೇಲೆ ಓಡಿ, ಆಂಟೆನಾ ಎತ್ತಿ ಸುತ್ತಲೂ ತಿರುಗಿಸಿದಳು. ಬೆಟ್ಟದ ಕಡೆ ಏನಿಲ್ಲ. ಉಪ್ಪಿನ ಬಯಲ ಕಡೆ ಏನಿಲ್ಲ. ಊರಿನ ಕಡೆ ತಿರುಗಿಸಿದರೆ ಸಣ್ಣಗೆ, ಟಿಕ್.

"ಯಾವನೋ ಪಾಪಿ! ಅವನ ಕೈ ಸೇದಿ ಹೋಗ!" ಎಂದು ಶಾಪ ಹಾಕುತ್ತಲೇ ಊರಿಗೆ ಬಂದಳು. ಅಂಗಡಿಯ ಹತ್ತಿರ ಟಿಕ್ ಸ್ವಲ್ಪ ಜೋರಾಯಿತು. ಜಗುಲಿಯ ಗಂಡಸರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದಳು. ಯಾರೂ ಕೆಣಕಲಿಲ್ಲ, ಬದಲಿಗೆ ಒಬ್ಬ ಹ್ಯಾಟು ತೆಗೆದು, "ದೇವರು ಒಳ್ಳೇದು ಮಾಡ್ಲಿ ತೀಲಾ, ಮಕ್ಕಳು ಅಂದ್ರೆ ಹೀಗಿರ್ಬೇಕು" ಎಂದ. ಇವನಿಗೇನು ಬಿಸಿಲು ತಲೆಗೇರಿತೇ ಎಂದುಕೊಂಡು ಮುಂದೆ ನಡೆದಳು. ಚರ್ಚಿನ ಹತ್ತಿರ ಟಿಕ್ ಇನ್ನೂ ಜೋರು. ಅಲ್ಲಿ ಬೆನೀತಾ ಸಿಕ್ಕಳು.

"ಕೊಮಾದ್ರೆ, ಏನಾಯ್ತು ಮುಖ ಹೀಗಿದೆ?"

"ನಿನ್ನ ಯಾರೋ ಕದ್ದೊಯ್ದಿದಾರೆ!"

"ಅಯ್ಯೋ ನನ್ನಪ್ಪ!" ಎಂದು ಬೆನೀತಾ ಎದೆಗೆ ಕೈಯಿಟ್ಟುಕೊಂಡು ಇವಳ ಹಿಂದೆಯೇ ಓಡಿದಳು. "ಶುಭ ಶುಕ್ರವಾರ! ನನ್ನ ಬೇಯಿಸಿಬಿಡ್ತಾರೆ!"

ಟಿಕ್ ಟಿಕ್ ಟಿಕ್ ಎನ್ನುತ್ತ ಡಬ್ಬಿ ಬೀದಿ ತಿರುಗಿತು, ಬೇವಿನಷ್ಟು ಎತ್ತರದ ಮೆಸ್ಕೀತೆ ಮರದ ಹತ್ತಿರ ಬಂತು, ಬೆನೀತಾಳ ಮನೆ ದಾಟಿತು, ಪಕ್ಕದ ಮನೆಯ ಮುಂದೆ ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಆ ಪಕ್ಕದ ಮನೆ ಯಾರದು? ತೀಲಾಳದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಮಾತು ಸುಮ್ಮನೆ ಹುಟ್ಟಿಲ್ಲ.

ಹಿತ್ತಿಲಲ್ಲಿ ಒಲೆ ಉರಿಯುತ್ತಿತ್ತು. ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ದೋನ್ ಕಾಸ್ತುಲೋ ಸ್ನಾನ ಮಾಡಿ, ತಲೆ ಬಾಚಿ, ಮದುವೆ ಮನೆಗೆ ಹೊರಟವನಂತೆ ಬಿಳಿ ಅಂಗಿ ಹಾಕಿ ಈರುಳ್ಳಿ ಹೆಚ್ಚುತ್ತಿದ್ದ. ಅಂಗಳದ ನಡುವೆ ಬಟ್ಟೆ ಒಗೆಯುವ ತಗಡಿನ ಬಾನಿ ಬೋರಲು ಬಿದ್ದಿತ್ತು, ಅದರ ಮೇಲೆ ಎರಡು ಕಲ್ಲು. ಆ ಬಾನಿ ಕಲ್ಲುಗಳ ಸಮೇತ, ನಿಧಾನವಾಗಿ, ಗರಗರ ಸದ್ದು ಮಾಡುತ್ತ ಬಾಗಿಲ ಕಡೆಗೆ ನಡೆಯುತ್ತಿತ್ತು.

"ಬಂದ್ಯಾ ಮಗಳೇ!" ಮುದುಕನ ಮುಖದಲ್ಲಿ ಮೂರು ವರ್ಷದಿಂದ ಕಾಣದ ಕಳೆ. "ಕತ್ತಿ ಮಸೆದಿಟ್ಟಿದೀನಿ. ನನ್ನ ಕೈ ನಡುಗುತ್ತೆ, ಕೊಯ್ಯೋದು ನೀನೇ ಆಗ್ಬೇಕು. ಮಸಾಲೆ ನಾನು ಹೇಳ್ತೀನಿ."

"ಅಪ್ಪಾ! ಏನಿದು? ಇದನ್ನ ಯಾಕೆ ಹಿಡಿದ್ರಿ?"

"ಯಾಕೆ ಅಂದ್ರೆ? ನೀನೇ ಬರೆದು ಹಾಕಿದೀಯಲ್ಲ." ಅವನು ಕಣ್ಣೊರೆಸಿಕೊಂಡ. ಈರುಳ್ಳಿಗೋ ಏನೋ. "ಕತ್ತೆ ಮೇಲೆ ಹೋಗ್ತಾ ನೋಡ್ದೆ. ಒಂದೊಂದೇ ಅಕ್ಷರ ಕೂಡಿಸಿ ಓದ್ದೆ. ಆ-ಮೆ-ಗ-ಳು. ವಿ-ಹೀ-ಲಿ-ಯಾ. ಅಲ್ಲೇ ಇಳಿದು ಶಿಲುಬೆ ಗುರುತು ಹಾಕ್ಕೊಂಡೆ. ನನ್ನ ಮಗಳು ಬಾಯಲ್ಲಿ ಇಲ್ಲ ಇಲ್ಲ ಅಂತಾಳೆ, ಮನಸ್ಸಲ್ಲಿ ಅಪ್ಪನಿಗೆ ಅಂತ ಇಟ್ಟಿದಾಳೆ. ಅಂಗಡಿಯವರಿಗೆಲ್ಲ ಹೇಳ್ದೆ. ಪಾದ್ರಿಗಳನ್ನೂ ಊಟಕ್ಕೆ ಕರೆದಿದೀನಿ."

ಬೆನೀತಾ ಬಾಯಿಗೆ ಶಾಲಿನ ಅಂಚು ಅಡ್ಡ ಹಿಡಿದಳು. ನಗುವಿಗೋ ಅಳುವಿಗೋ ಅವಳಿಗೇ ತಿಳಿಯಲಿಲ್ಲ. ತೀಲಾ ಮಾತ್ರ ಕಂಬದಂತೆ ನಿಂತಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ! ಅಪ್ಪನನ್ನು ಬೈಯೋಣವೆಂದರೆ ಬೋರ್ಡು ಬರೆದವಳು ತಾನು. ತಪ್ಪು ಒಪ್ಪೋಣವೆಂದರೆ ಆ ಮುಖ ನೋಡಿ ಬಾಯಿ ಬರುವುದಿಲ್ಲ. ಮನಸ್ಸಿನ ಮೂಲೆಯಲ್ಲಿ ಸೈತಾನ ಪಿಸುಗುಟ್ಟಿದ: ಒಂದೇ ಒಂದು ಆಮೆ ತಾನೇ? ನರಿ ಹೊತ್ತೊಯ್ತು ಅಂದರೆ ಡಾಕ್ಟ್ರಮ್ಮ ನಂಬುತ್ತಾರೆ. ಅಪ್ಪ ಹೊಟ್ಟೆ ತುಂಬ ಉಣ್ಣುತ್ತಾನೆ. ಅವನು ಉಣ್ಣದೆ ಎಷ್ಟು ದಿನವಾಯಿತು! ತೀಲಾ ಆ ಯೋಚನೆಯನ್ನು ಕೂಡಲೇ ಓಡಿಸಿದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾನಿಯನ್ನೂ ಅಪ್ಪನ ಸೊಂಟದ ಹಗ್ಗವನ್ನೂ ನೋಡುತ್ತ ಬಹಳ ಹೊತ್ತು ನಿಂತಿದ್ದಳು.

ಅಷ್ಟರಲ್ಲಿ ಪಾದ್ರಿ ಸೆವೆರಿಯಾನೋ ಬಂದರು. ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ, ಬೆವರೊರೆಸಿಕೊಳ್ಳುತ್ತ, ಮೂಗು ಮುಂದೆ ಮಾಡಿಕೊಂಡು. ದಪ್ಪನೆಯ, ಊಟವನ್ನು ದೇವರ ವರವೆಂದೇ ಕಾಣುವ ಮನುಷ್ಯ. ಮುಳುಗುತ್ತಿದ್ದ ತೀಲಾಳಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು.

"ಫಾದರ್, ನೀವೇ ಹೇಳ್ಬಿಡಿ. ಆಮೆ ಮಾಂಸ ತಾನೇ? ಶುಭ ಶುಕ್ರವಾರ ಮಾಂಸ ತಿಂದ್ರೆ ಪಾಪ ತಾನೇ?"

"ಮೀನು!" ಎಂದ ದೋನ್ ಕಾಸ್ತುಲೋ, ಈರುಳ್ಳಿ ಕತ್ತಿ ಎತ್ತಿ.

"ಮೀನಿಗೆ ಕಾಲಿರುತ್ತಾ ಅಪ್ಪಾ?"

"ಕೇಳಿ ಫಾದರ್. ಈ ಬಯಲೆಲ್ಲ ಒಂದು ಕಾಲದಲ್ಲಿ ಸಮುದ್ರ. ಸುಳ್ಳಾದ್ರೆ ಬೆಟ್ಟದ ಮೇಲೆ ಹೋಗಿ ನೋಡಿ, ಕಪ್ಪೆಚಿಪ್ಪು ಕಲ್ಲಾಗಿ ಕೂತಿವೆ. ನೀರು ಹೋಯ್ತು, ಮೀನು ಏನು ಮಾಡ್ಬೇಕು? ನೀರು ವಾಪಸ್ ಬರುತ್ತೆ ಅಂತ ಕಾದು ಕಾದು ಕಾಲು ಬಂತು. ಕಾಲು ಬಂದ ಮಾತ್ರಕ್ಕೆ ಜಾತಿ ಬದಲಾಗುತ್ತಾ?"

ಪಾದ್ರಿ ಪಾತ್ರೆಯ ಕಡೆ ನೋಡಿದರು. ಬಾನಿ ಅವರ ಪಾದದ ಹತ್ತಿರಕ್ಕೇ ಬಂದು ಬೂಟಿಗೆ ಮೆಲ್ಲಗೆ ಡಿಕ್ಕಿ ಹೊಡೆಯಿತು.

"ನೋಡಮ್ಮ ಓತೀಲಿಯಾ," ಎಂದರು ಕೊನೆಗೆ. "ನನ್ನ ಓದು ಇದು ಮಾಂಸ ಅನ್ನುತ್ತೆ. ನನ್ನ ಹೊಟ್ಟೆ ಮೀನು ಅನ್ನುತ್ತೆ. ಇಂಥ ಹೊತ್ತಲ್ಲಿ ನಾನು ಬಿಷಪ್ಪರನ್ನ ಕೇಳ್ಬೇಕು. ಕೇಳಿ ಮುಂದಿನ ವರ್ಷದ ಹೊತ್ತಿಗೆ ಹೇಳ್ತೀನಿ."

"ಮುಂದಿನ ವರ್ಷ!" ಎಂದ ಮುದುಕ. ಅದುವರೆಗಿದ್ದ ಹುರುಪೆಲ್ಲ ಇಳಿದುಹೋಯಿತು. "ಮುಂದಿನ ವರ್ಷ ನಾನಿರ್ತೀನಾ, ಫಾದರ್?"

ತೀಲಾಳಿಗೆ ಇನ್ನು ತಡೆಯಲಾಗಲಿಲ್ಲ. ಪಾದ್ರಿಯ ಬೆನ್ನ ಹಿಂದೆ ಅವಿತು ಅಪ್ಪನ ಜೊತೆ ಆಟವಾಡುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ಆಂಟೆನಾ ಗೋಡೆಗೆ ಒರಗಿಸಿ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪಾ, ಮೀನೂ ಬೇಡ ಮಾಂಸಾನೂ ಬೇಡ. ನಿಜ ಹೇಳ್ತೀನಿ, ಬೈದ್ರೆ ಬೈರಿ. ಆ ಬೋರ್ಡು ನಾನು ತಪ್ಪು ಬರೆದೆ. ವಿಹಿಲಾನ್ಸಿಯಾ ಅಂತ ಬರೀಬೇಕಿತ್ತು. ಕಾವಲು ಅಂತ. ಹಲಗೆ ಸಾಲಲಿಲ್ಲ."

ದೋನ್ ಕಾಸ್ತುಲೋ ಅರ್ಥವಾಗದವನಂತೆ ನೋಡಿದ. "ಹಲಗೆ ಸಾಲಲಿಲ್ಲ?"

"ಸಾಲಲಿಲ್ಲ."

"ಹಾಗಾದ್ರೆ... ನನಗೆ ಅಂತ ಅಲ್ಲ."

"ಅಲ್ಲ ಅಪ್ಪಾ." ಅವಳು ಬಾನಿಯ ಕಡೆ ಕೈ ತೋರಿಸಿದಳು. "ನಿಮಗೆ ಏನು ಬೇಕಾದ್ರೂ ಕೊಡ್ತಿದ್ದೆ. ಇದನ್ನ ಕೊಡೋಕೆ ಇದು ನನ್ನದಲ್ಲ. ಅಂಗೈಯಷ್ಟು ಇದ್ದಾಗಿಂದ ಹೂ ತಿನ್ನಿಸಿ ಸಾಕಿದೀನಿ. ಇಡೀ ಬಯಲಲ್ಲಿ ಇಂಥ ಹೆಣ್ಣು ಎಷ್ಟಿದಾವೆ ಅಂತ ಬೆರಳಲ್ಲಿ ಎಣಿಸ್ಬಹುದು. ನನ್ನ ಕೈಲಿ ಕೊಯ್ಯಕ್ಕಾಗಲ್ಲ."

ಮುದುಕ ಕತ್ತಿ ಕೆಳಗಿಟ್ಟು, ಹೆಚ್ಚಿದ ಈರುಳ್ಳಿಯನ್ನು ಕೈಯಿಂದ ಒಂದು ಕಡೆ ಗುಡ್ಡೆ ಮಾಡಿದ. ಊರೆಲ್ಲ ಹೇಳಿಕೊಂಡು ಬಂದಿದ್ದನಲ್ಲ, ಆ ಅವಮಾನ ಕಿವಿಯವರೆಗೂ ಕೆಂಪಾಗಿ ಏರಿತು. ಆಮೇಲೆ ಎದ್ದು, ಬಾನಿಯ ಹತ್ತಿರ ಹೋಗಿ, ಒಂದೊಂದೇ ಕಲ್ಲು ತೆಗೆದ.

"ಕತ್ತೆ ಹಿಡ್ಕೊಂಡು ಬಾ," ಎಂದ. "ಎಲ್ಲಿಂದ ಎಳೆದ್ನೋ ಅಲ್ಲೇ ಬಿಡ್ಬೇಕು. ಬೇರೆ ಬಿಲಕ್ಕೆ ಹಾಕಿದ್ರೆ ಅವೇನು ಸುಮ್ನಿರ್ತಾವಾ, ಓಡಿಸ್ತಾವೆ."

ಪಾದ್ರಿ ನಿಟ್ಟುಸಿರಿಟ್ಟರು. ಧರ್ಮ ಉಳಿಯಿತೆಂಬ ಸಮಾಧಾನಕ್ಕೋ, ಸಾರು ತಪ್ಪಿತೆಂಬ ದುಃಖಕ್ಕೋ, ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ಬೆನೀತಾ ಅವರನ್ನು ತನ್ನ ಮನೆಗೆ ಕರೆದಳು. "ಬನ್ನಿ ಫಾದರ್, ಪಾಪಾಸುಕಳ್ಳಿ ಪಲ್ಯ ಇದೆ, ಬೆಲ್ಲದ ಪಾಕದ ಬ್ರೆಡ್ಡಿದೆ. ನನ್ನ ಜೀವ ಉಳೀತು, ಆ ಖುಷಿಗೆ ಎರಡು ಚೂರು ಜಾಸ್ತಿ ಬಡಿಸ್ತೀನಿ."

‘ಆಮೆ ಹೊಕ್ಕ ಮನೆ ಉದ್ಧಾರವಾಗುವುದಿಲ್ಲ’ ಎಂಬ ಮಾತನ್ನು ಯಾವ ಪುಣ್ಯಾತ್ಮ ಕಟ್ಟಿದನೋ. ಹೊಕ್ಕ ಆಮೆಯನ್ನು ಅಪ್ಪ ಮಗಳಿಬ್ಬರೂ ಗೋಣಿಚೀಲದಲ್ಲಿಟ್ಟು ಕತ್ತೆಯ ಮೇಲೆ ಹೇರಿಕೊಂಡು ಹೊರಟರು. ದೋನ್ ಕಾಸ್ತುಲೋ ತನ್ನ ಕತ್ತೆಗೆ ‘ಗವರ್ನರ್’ ಎಂದು ಹೆಸರಿಟ್ಟಿದ್ದ. "ನಡಿಯೋ ಗವರ್ನರ್, ಜನಸೇವೆ ಮಾಡು" ಎಂದು ಗದರಿಸುವುದು ಅವನ ರೂಢಿ. ಅವತ್ತು ಗದರಿಸಲಿಲ್ಲ. ಬೋರ್ಡಿನ ಹತ್ತಿರ ಬಂದಾಗ ತೀಲಾ ಅದನ್ನು ಕಿತ್ತು ಬೋರಲು ಹಾಕಿದಳು. ಮುದುಕ ಆ ಕಡೆ ನೋಡಲೂ ಇಲ್ಲ.

ಬಿಲದ ಮುಂದೆ ಚೀಲ ಬಿಚ್ಚಿದರು. ಆಮೆ ಬೆನೀತಾ ತಲೆ ಕಾಲು ಎಲ್ಲ ಒಳಗೆಳೆದುಕೊಂಡು ಕಲ್ಲಾಗಿದ್ದಳು. ಒಂದು ಕುರಿಮರಿಯ ತೂಕ.

"ತಳ್ಳಿಬಿಡ್ಲಾ ಒಳಗೆ?" ಎಂದ ಅಪ್ಪ.

"ತಳ್ಳಬಾರ್ದು. ಅದಾಗೇ ಹೋಗ್ಬೇಕು. ದೂರ ಕೂತು ಕಾಯ್ಬೇಕು."

"ಎಷ್ಟು ಹೊತ್ತು?"

"ಅದರಿಷ್ಟ."

ಒಂದು ಪೊದೆಯ ಚೂರು ನೆರಳಿನಲ್ಲಿ ಇಬ್ಬರೂ ನೆಲದ ಮೇಲೆ ಕೂತರು. ಬಿಳಿ ಅಂಗಿಗೆ ಮಣ್ಣಾಯಿತು. ಬಿಸಿಲು ಸುಡುತ್ತಿತ್ತು. ಗವರ್ನರ್ ನಿಂತಲ್ಲೇ ನಿದ್ದೆಹೋಯಿತು. ದೋನ್ ಕಾಸ್ತುಲೋ ಎರಡು ಸಲ ಗೊಣಗಿದ, "ಇದಕ್ಕೇನು ಮುಹೂರ್ತ ನೋಡ್ಬೇಕಾ?" ಎಂದ. ಮಗಳು ಶ್ ಎಂದಳು. ಬಹಳ ಹೊತ್ತಿನ ಮೇಲೆ ಚಿಪ್ಪಿನ ಅಂಚಿನಿಂದ ಮೂಗು ಬಂತು. ಆಮೇಲೆ ಕಣ್ಣು. ಆಮೇಲೆ ಆ ಸುಕ್ಕುಗಟ್ಟಿದ ಕುತ್ತಿಗೆ ಉದ್ದಕ್ಕೆ ಚಾಚಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಮುದುಕನನ್ನೂ ನೋಡಿತು. ಒಂದು ಕಾಲು ಮುಂದಿಟ್ಟಿತು. ಬಿಲದ ಬಾಯಲ್ಲಿ ಮನುಷ್ಯರು ಕೆದರಿದ ಮಣ್ಣನ್ನು ಮುಂಗಾಲಿನಿಂದ ಬರಬರನೆ ಆಚೆ ಎಸೆದು, ಮನೆ ಗುಡಿಸುವವಳ ಹಾಗೆ ದಾರಿ ಸರಿಮಾಡಿಕೊಂಡು, ಹಿಂದೆ ತಿರುಗದೆ ಕತ್ತಲೊಳಗೆ ಇಳಿದುಹೋಯಿತು. ಒಳಗಿನಿಂದ ಚಿಪ್ಪು ಗೋಡೆಗೆ ಸವರುವ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತಿತು.

ಮುದುಕ ಬಿಲದ ಬಾಯನ್ನೇ ನೋಡುತ್ತ ಕೂತಿದ್ದ.

"ನನ್ನ ಆಯಸ್ಸಿನಲ್ಲಿ ಎಷ್ಟು ಆಮೆ ಹೊರಗೆಳೆದಿದೀನೋ ಆ ದೇವರಿಗೇ ಗೊತ್ತು," ಎಂದ. "ಒಂದಾದ್ರೂ ಒಳಗೆ ಹೋಗೋದನ್ನ ನೋಡಿರ್ಲಿಲ್ಲ ಕಣೇ ತೀಲಾ."

ಮುದುಕ ಮುಂದಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ ಬಿಲದ ಕತ್ತಲನ್ನು ನೋಡಿದ.

"ಒಳಗೆ ಯಾರಿದಾರೆ ಅದಕ್ಕೆ?"

"ಯಾರೂ ಇಲ್ಲ. ಒಂದು ಬಿಲಕ್ಕೆ ಒಂದೇ ಇರೋದು. ಅವಕ್ಕೆ ಒಬ್ಬೊಬ್ಬರೇ ಇದ್ದು ಅಭ್ಯಾಸ, ಅಪ್ಪಾ."

"ಅಭ್ಯಾಸವಂತೆ!" ಅವನು ಮಣ್ಣಿನ ಹೆಂಟೆಯೊಂದನ್ನು ಬೆರಳಿನಲ್ಲಿ ಪುಡಿಮಾಡಿದ. "ಮೂರು ವರ್ಷ ಆಯ್ತು. ನನಗೆ ಆಗಿಲ್ಲ."

ತೀಲಾ ಮೂರು ವರ್ಷದಿಂದ ಅಪ್ಪ ಆಮೆ ಸಾರು ಕೇಳುತ್ತಿದ್ದಾನೆ ಎಂದೇ ತಿಳಿದಿದ್ದಳು. ಇಲ್ಲ ಇಲ್ಲ ಎಂದು ಹೇಳಿದ್ದೇ ಹೇಳಿದ್ದು. ಕಣ್ಣೀರು ಬಂತು, ಹ್ಯಾಟು ಮುಂದಕ್ಕೆಳೆದುಕೊಂಡು ಅಪ್ಪನ ಪಕ್ಕಕ್ಕೆ ಸರಿದು, 'ಬಿಸಿಲು' ಎಂದಳು.

"ಅಮ್ಮನ ಸಾರಿಗೆ ಏನೇನು ಹಾಕ್ತಿದ್ರು ಅಪ್ಪಾ?"

"ಈಗ್ಯಾಕೆ ಅದು? ಆಮೆ ಒಳಗೆ ಹೋಯ್ತಲ್ಲ."

"ಆಮೆ ಬಿಡಿ. ಮಿಕ್ಕಿದ್ದು ಹೇಳಿ. ಮನೇಲಿ ಬೇಳೆ ಇದೆ."

"ಬೇಳೆ!" ಎಂದು ಅವನು ಮುಖ ಸಿಂಡರಿಸಿದ. ಆಮೇಲೆ ತಾನಾಗಿಯೇ ಶುರುಮಾಡಿದ: "ಬೆಳ್ಳುಳ್ಳಿ ಹಸೀದು ಹಾಕ್ತಿರ್ಲಿಲ್ಲ ಅವಳು. ಇಡೀ ಗೆಡ್ಡೆ ಕೆಂಡದಲ್ಲಿ ಸುಡ್ತಿದ್ಲು, ಸಿಪ್ಪೆ ಕಪ್ಪಾಗೋ ತನಕ. ನೀನು ಯಾವತ್ತಾದ್ರೂ ಸುಟ್ಟಿದೀಯಾ?"

"ಇಲ್ಲ. ನೀವು ಹೇಳಿದ್ರೆ ತಾನೇ?"

"ನೀನು ಕೇಳಿದ್ರೆ ತಾನೇ?" ಅವನು ಮಗಳ ಹೆಗಲು ಹಿಡಿದು ಎದ್ದ. "ಆಮೇಲೆ ಒಣಮೆಣಸಿನಕಾಯಿ. ಬೀಜ ತೆಗೀಬೇಕು, ಆದ್ರೆ ಎಲ್ಲಾ ಅಲ್ಲ. ಇಲಾರಿಯಾ ಸ್ವಲ್ಪ ಬಿಡ್ತಿದ್ಲು, ನನಗೆ ಬೆವರು ಬರ್ಲಿ ಅಂತ. ನಡಿ ನಡಿ, ಒಲೆ ಆರಿಹೋಗುತ್ತೆ, ನನಗೆ ಹಸಿವಾಗ್ತಿದೆ."

ಊರು ಮುಟ್ಟುವವರೆಗೂ ಅವನು ಹೇಳುತ್ತಲೇ ಇದ್ದ, ತೀಲಾ ಕತ್ತೆಯ ಹಗ್ಗ ಹಿಡಿದು ಹೂಂಗುಟ್ಟುತ್ತ ನಡೆದಳು.